ಅನ್ವರಬಿ ಅಗಲ ಮಾಡಿದ ಗಾಡಿ

ಶಹಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅನ್ವರಬಿಯ ಲೇಥ್ ಅಂಗಡಿ ಇತ್ತು. ಗಂಡ ಮಸ್ತಾನಸಾಬ ಬದುಕಿದ್ದಾಗ ಅವನ ಪಕ್ಕದಲ್ಲಿ ನಿಂತು ಪಂಪ್‌ಸೆಟ್ಟಿನ ಶಾಫ್ಟ್ ಕಡೆಯುವುದನ್ನು ಆಕೆ ಕಲಿತಿದ್ದಳು. ಅವನು ತೀರಿಕೊಂಡ ಮೇಲೆ ಯಂತ್ರ ಮಾರಿಬಿಡು ಎಂದವರ ಮಾತಿಗೆ ಕಿವಿಗೊಡದೆ ಅಂಗಡಿಯ ಬಾಗಿಲು ತೆಗೆದಳು. ಮೊದಮೊದಲು ರೈತರು ಒಳಗೆ ಇಣುಕಿ, "ಮಿಸ್ತ್ರಿ ಎಲ್ಲಿ ಅದಾರ?" ಎಂದು ಕೇಳುತ್ತಿದ್ದರು.

"ನಾನೇ ಮಿಸ್ತ್ರಿ. ಏನ್ ಕೆಟ್ಟದ ಹೇಳ್ರಿ," ಎನ್ನುತ್ತಿದ್ದಳು ಅನ್ವರಬಿ. ಎರಡು ವರ್ಷ ಕಳೆಯುವಷ್ಟರಲ್ಲಿ ಹಾಗೆ ಕೇಳುವವರು ಇಲ್ಲವಾದರು.

ಅಂಗಡಿಯಲ್ಲಿ ಅವಳ ಜೊತೆ ತಮ್ಮ ಬಾಷುಮಿಯಾ ಇರುತ್ತಿದ್ದ. ಮೂವತ್ತೆಂಟರ ಗಂಡಸು. ಹಿಂದೊಮ್ಮೆ ಹಳೆಯ ಬಾವಿಯ ಹೂಳು ತೆಗೆಯಲು ಇಳಿದವನು ಕೆಟ್ಟ ಗಾಳಿಗೆ ಸಿಕ್ಕು ಎಚ್ಚರ ತಪ್ಪಿದ್ದ. ಹಗ್ಗ ಕಟ್ಟಿ ಮೇಲೆಳೆದರು, ಜೀವ ಉಳಿಯಿತು. ಆದರೆ ಅಂದಿನಿಂದ ಹತ್ತು ಹೆಜ್ಜೆ ಜೋರಾಗಿ ನಡೆದರೂ ಅವನಿಗೆ ಏದುಸಿರು. ಕೂತಲ್ಲೇ ನಟ್ಟು ಬೋಲ್ಟು ವಿಂಗಡಿಸುವುದು, ಗಿರಾಕಿಗಳೊಡನೆ ಮಾತಾಡುವುದು, ಇಷ್ಟೇ ಅವನ ದಿನ.

2017ರ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಕಾಲುವೆಯ ಲಸ್ಕರ್ ಅಮಾತೆಪ್ಪ ಬಂದ. ನಾರಾಯಣಪುರದ ನೀರನ್ನು ಹೊಲಗಳಿಗೆ ಬಿಡುವ, ತೂಬು ಕಾಯುವ ಕೆಲಸ ಅವನದು. ಅವನ ಕೈಯಲ್ಲಿ ರಟ್ಟಿನ ಡಬ್ಬಿಯಿತ್ತು. ಡಬ್ಬಿಯಿಂದ ಆಟದ ಗಾಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಮೊಳದುದ್ದದ ಗಾಡಿ, ತೆಂಗಿನಕಾಯಿ ಗಾತ್ರದ ನಾಲ್ಕು ಗಾಲಿ, ಕೈಯಲ್ಲಿ ಹಿಡಿದು ಓಡಿಸುವ ರಿಮೋಟು. ವರ್ಗವಾಗಿ ಹೋದ ಸಾಹೇಬರೊಬ್ಬರು ಕ್ವಾರ್ಟರ್ಸಿನಲ್ಲೇ ಬಿಟ್ಟುಹೋದದ್ದು.

"ಅಕ್ಕಾ, ಇದು ಸಣ್ಣ ಕಲ್ಲು ಹತ್ತಿದ್ರೂ ಮಗ್ಗಲಿಗೆ ಬೀಳ್ತದ. ಬೀಳದಂಗ ಮಾಡಿ ಕೊಡ್ತೀಯೇನು?"

"ಆಟಕ್ಕೇನು?"

"ಆಟಕ್ಕಲ್ಲ," ಎಂದು ಅಮಾತೆಪ್ಪ ಕೂತ.

ಸುರಪುರದ ದಾರಿಯಲ್ಲಿ ಹಂಚುಗಾಲುವೆಯೊಂದು ರಸ್ತೆಯ ಕೆಳಗೆ ಮೋರಿಯೊಳಗೆ ಹಾಯುತ್ತಿತ್ತು. ನೂರಡಿ ಉದ್ದ, ಎರಡಡಿ ಎತ್ತರದ ಕಾಂಕ್ರೀಟಿನ ಮೋರಿ. ಹೋದ ವರ್ಷ ಅದರೊಳಗೆ ಏನೋ ಸಿಕ್ಕಿಕೊಂಡು ನೀರು ಮುಂದೆ ಹೋಗಲಿಲ್ಲ. ಕಾಲುವೆಯ ಕೊನೆಯಲ್ಲಿದ್ದವರ ಮೆಣಸಿನ ಗಿಡ ಹೂ ಕಟ್ಟುವ ಹೊತ್ತಿಗೆ ಒಣಗಿದವು. ಈ ಸಲ ಜುಲೈಯಲ್ಲಿ ನೀರು ಬಿಡುವ ಮೊದಲು ಮೋರಿ ತೆರವು ಮಾಡಬೇಕೆಂದು ಊರವರು ತೀರ್ಮಾನಿಸಿದ್ದರು. ದ್ಯಾವಪ್ಪ ಎಂಬ ಸಣಕಲು ಮೈಯ ಕೂಲಿಯವನು ತೆವಳಿ ಒಳಗೆ ಹೋಗಲು ಒಪ್ಪಿದ್ದ.

"ಬರೋ ಸೋಮವಾರ ಒಳಗ ಹೋಗ್ತಾನ," ಎಂದ ಅಮಾತೆಪ್ಪ. "ಅದಕ್ಕಿಂತ ಮೊದಲು ಈ ಗಾಡಿಗೆ ಒಂದು ದೀಪ, ಒಂದು ಹಳೇ ಫೋನು ಕಟ್ಟಿ ಕಳಿಸಿದ್ರ ಒಳಗೇನದ ಅಂತ ಕಾಣ್ತದ. ಕಟ್ಟಿ ನೋಡ್ದೆ. ನಾಲ್ಕು ಮಾರು ಹೋಗಿ ಹೂಳಿನ ಮ್ಯಾಲ ಬಿತ್ತು."

ಬಾಷುಮಿಯಾನ ಕೈ ನಟ್ಟಿನ ಡಬ್ಬಿಯಲ್ಲಿ ನಿಂತುಹೋಯಿತು. ಅನ್ವರಬಿ ತಮ್ಮನ ಮುಖ ನೋಡಿದಳು. ಗಾಡಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ದ್ಯಾವಪ್ಪಗ ಹೇಳು, ನಾನು ಹೇಳೋತನಾ ಯಾರೂ ಒಳಗ ಕಾಲಿಡಬ್ಯಾಡ್ರಿ ಅಂತ."

ಅವಳು ಮೊದಲು ಮಾಡಿದ್ದು ಗಾಡಿ ಎಷ್ಟು ವಾಲಿದರೆ ಬೀಳುತ್ತದೆಂದು ತಿಳಿಯುವ ಕೆಲಸ. ಹಲಗೆಯ ಮೇಲೆ ಗಾಡಿಯನ್ನು ಅಡ್ಡ ನಿಲ್ಲಿಸಿ, ಹಲಗೆಯ ಒಂದು ಅಂಚನ್ನು ಮೆಲ್ಲಗೆ ಎತ್ತಿದಳು. ಫೋನು, ದೀಪ ಕಟ್ಟಿದ್ದ ಗಾಡಿ ಮೂರು ಇಟ್ಟಿಗೆಯಷ್ಟು ಎತ್ತರಕ್ಕೇ ಉರುಳಿತು. ಭಾರವೆಲ್ಲ ನೆತ್ತಿಯ ಮೇಲೆ, ಗಾಲಿಗಳು ಮಾತ್ರ ಒಂದಕ್ಕೊಂದು ಹತ್ತಿರ. ಕಾಲು ಕೂಡಿಸಿ ನಿಂತು ತಲೆಯ ಮೇಲೆ ಕೊಡ ಹೊತ್ತ ಹಾಗಿತ್ತು ಅದರ ಸ್ಥಿತಿ.

ಗಾಲಿ ಕೂರುವ ಜಾಗದಲ್ಲಿ ಆರುಮೂಲೆಯ ಸಣ್ಣ ಬಿಲ್ಲೆಯಿತ್ತು. ಬಿಲ್ಲೆಗೂ ಗಾಲಿಗೂ ನಡುವೆ ಒಂದು ತುಂಡು ಸೇರಿಸಿದರೆ ಗಾಲಿ ಹೊರಗೆ ಸರಿಯುತ್ತದೆ. ಅಂಗಡಿಯಲ್ಲಿದ್ದ ನೈಲಾನ್ ಸರಳಿನಿಂದ ಅಂಥ ನಾಲ್ಕು ತುಂಡು ಕೊರೆದು ಹಾಕಿದಳು. ಗಾಡಿ ಚೆನ್ನಾಗಿಯೇ ನಿಂತಿತು. ಆದರೆ ಜಲ್ಲಿಯ ಮೇಲೆ ಓಡಿಸಿದಾಗ ಮೆತ್ತನೆಯ ನೈಲಾನಿನೊಳಗಿನ ಆರುಮೂಲೆಯ ತೂತು ಸವೆದು, ಮೋಟಾರು ತಿರುಗಿದರೂ ಗಾಲಿ ತಿರುಗಲಿಲ್ಲ.

ಮರುದಿನ ಅಲ್ಯೂಮಿನಿಯಮ್ ತಂದಳು. ದುಂಡು ತೂತನ್ನು ಲೇಥ್ ಮಾಡಿಕೊಟ್ಟಿತು. ಅದನ್ನು ಆರುಮೂಲೆ ಮಾಡುವುದಕ್ಕೆ ಅರ ಹಿಡಿದು ಕೈಯಲ್ಲೇ ಉಜ್ಜಬೇಕಾಯಿತು. ಒಂದೊಂದು ತುಂಡಿಗೆ ಅರ್ಧ ದಿನ ಹಿಡಿಯಿತು. ಪಂಪ್‌ಸೆಟ್ಟಿನವರು ಬಂದು ಅವಸರ ಮಾಡಿದರೆ, "ಶುಕ್ರವಾರ ಬರ್ರಿ," ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಿದ್ದಳು.

ಎರಡು ತುಂಡು ಮುಗಿದಾಗ ಅವನ್ನು ಹಿಂದಿನ ಗಾಲಿಗಳಿಗೆ ಹಾಕಿ ನೋಡಿದರು. ಬಾಷುಮಿಯಾ ರಿಮೋಟು ಹಿಡಿದಿದ್ದ. ನೇರಕ್ಕೆ ಸರಿಯಾಗಿ ಹೋದ ಗಾಡಿ ತಿರುವಿನಲ್ಲಿ ಮೂತಿಯ ಕಡೆಯಿಂದ ಬಿತ್ತು.

"ಮುಂದಿನವೂ ಬೇಕು ಆಪಾ," ಎಂದ ಅವನು. "ಹಿಂದ ಗಟ್ಟಿ, ಮುಂದ ಸಡ್ಲ ಆಗ್ಯಾದ."

ನಾಲ್ಕೂ ಹಾಕಿದ ಮೇಲೆ ಗಾಲಿಯೊಂದು ಕಳಚಿ ಓಣಿಯ ಗಟಾರಕ್ಕೆ ಉರುಳಿತು. ಗಾಲಿ ಹೊರಗೆ ಸರಿದಿತ್ತು, ಅದನ್ನು ಬಿಗಿಯುವ ಸ್ಕ್ರೂ ಮಾತ್ರ ಹಳೆಯ ಅಳತೆಯದೇ ಇತ್ತು. ಅನ್ವರಬಿ ಉದ್ದನೆಯ ಸ್ಕ್ರೂ ಹುಡುಕಿ ಬಿಗಿದಳು. ಇನ್ನೂ ಅಗಲ ಮಾಡೋಣವೆಂದು ಬಾಷುಮಿಯಾ ಅಂದಾಗ ಬೇಡವೆಂದಳು. ಆಗಲೇ ಗಾಲಿ ಒಂದೊಂದು ಬದಿಗೂ ಎರಡು ಬೆರಳಷ್ಟು ಹೊರಗೆ ಬಂದಿತ್ತು. ಅದಕ್ಕೂ ಮೀರಿದರೆ ಭಾರವೆಲ್ಲ ಸಣ್ಣ ಬೇರಿಂಗುಗಳ ಮೇಲೆ ಬಿದ್ದು ಅವು ಒಡೆಯುತ್ತವೆ ಎಂಬುದು ಅವಳ ಲೆಕ್ಕ. ಬದಲಿಗೆ ಫೋನನ್ನು ನೆತ್ತಿಯಿಂದ ಇಳಿಸಿ, ಎರಡು ಗಾಲಿಗಳ ನಡುವೆ ತಗ್ಗಿನಲ್ಲಿ ಕಟ್ಟಿದಳು. ಹಲಗೆಯನ್ನು ಮತ್ತೆ ಎತ್ತಿದರು. ಆರನೆಯ ಇಟ್ಟಿಗೆಯವರೆಗೂ ಗಾಡಿ ನಿಂತಿತ್ತು.

ಭಾನುವಾರ ಅಕ್ಕ, ತಮ್ಮ, ಅಮಾತೆಪ್ಪ ಮೂವರೂ ಆಟೋದಲ್ಲಿ ಮೋರಿಗೆ ಹೋದರು. ದ್ಯಾವಪ್ಪ, ಊರಿನ ಹತ್ತು ಹನ್ನೆರಡು ಮಂದಿ ಅಲ್ಲಿ ಕಾದಿದ್ದರು. ಗಾಡಿಯ ಹಿಂದೆ ದಾರ ಕಟ್ಟಿ ಬಿಟ್ಟರು. ಕಾಂಕ್ರೀಟಿನೊಳಗೆ ರಿಮೋಟಿನ ಹಿಡಿತ ತಪ್ಪುತ್ತಿದ್ದುದರಿಂದ ಬಾಷುಮಿಯಾ ಮೋರಿಯ ಬಾಯಲ್ಲಿ ಬೋರಲು ಮಲಗಿ, ಕೈಯನ್ನು ಒಳಗೆ ಚಾಚಿ ಓಡಿಸಿದ. ಗಾಡಿಯನ್ನು ವಾಪಸ್ ಎಳೆದು ಫೋನು ಬಿಚ್ಚಿ ಅದು ತೆಗೆದ ವಿಡಿಯೊ ನೋಡಿದರೆ ಒಳಗಿನದೆಲ್ಲ ಕಂಡಿತು. ಅರವತ್ತು ಅಡಿ ದೂರದಲ್ಲಿ ಬಳ್ಳಾರಿ ಜಾಲಿಯ ಟೊಂಗೆಗಳು, ಲಾರಿಗೆ ಹೊದಿಸುವಂಥ ಹರಿದ ತಾಡಪತ್ರಿ, ಅದರ ಮೇಲೆ ಹೂಳಿನ ದಿಬ್ಬ. ಎಡಗಡೆ ಮೇಲೆ ಒಂದಡಿಯಷ್ಟು ಸಂದು.

"ಇಲ್ಲಿ ಮನಿಷ್ಯಾ ಹೋದ್ರ ಮುಳ್ಳಿಗೆ ಸಿಕ್ಕು ಹಿಂದ ಬರಾಕ ಆಗ್ತಿದ್ದಿಲ್ಲ," ಎಂದ ದ್ಯಾವಪ್ಪ ಮೆಲ್ಲಗೆ.

"ಆ ಸಂದಿನ್ಯಾಗ ಗಾಡಿ ದಾಟ್ಸೋಣು," ಎಂದಳು ಅನ್ವರಬಿ. "ದಾರ ಆಚಿ ಕಡಿ ಮುಟ್ಟಿದ್ರ, ಅದಕ್ಕ ಹಗ್ಗ ಕಟ್ಟಿ ಎಳೀಬಹುದು."

ಫೋನು ತೆಗೆದು ದೀಪವೊಂದನ್ನೇ ಉಳಿಸಿದರು. ಗಾಡಿ ದಿಬ್ಬದ ಮಗ್ಗುಲು ಹಿಡಿದು ಏರಿತು. ಒಂದು ಕಡೆಯ ಗಾಲಿ ಹೂಳಿನ ಮೇಲೆ, ಇನ್ನೊಂದು ಕಡೆಯದು ತಗ್ಗಿನಲ್ಲಿ. ದೀಪ ಪೂರ್ತಿ ಓರೆಯಾಗಿ ನಿಂತಿತು. ಬಾಷುಮಿಯಾ ಬೆರಳನ್ನು ಕೂದಲೆಳೆಯಷ್ಟು ಸರಿಸಿದ. ಗಾಲಿ ಜಾರಿತು, ಮತ್ತೆ ಹಿಡಿಯಿತು, ದೀಪ ನೆಟ್ಟಗಾಗಿ ದಿಬ್ಬದ ಆಚೆ ಇಳಿದು ಮರೆಯಾಯಿತು. ಸ್ವಲ್ಪ ಹೊತ್ತಿಗೆ ರಸ್ತೆಯ ಆಚೆ ಬದಿಗೆ ಹೋಗಿ ನಿಂತಿದ್ದ ಅಮಾತೆಪ್ಪ ಕೂಗಿದ, "ಬಂತು, ಹಿಡಿದೀನಿ."

ದಾರಕ್ಕೆ ಹುರಿ, ಹುರಿಗೆ ದಪ್ಪ ಹಗ್ಗ, ಹಗ್ಗದ ತುದಿಗೆ ಅನ್ವರಬಿಯೇ ಬಗ್ಗಿಸಿ ತಂದಿದ್ದ ಕಬ್ಬಿಣದ ಕೊಕ್ಕೆ. ಟ್ರ್ಯಾಕ್ಟರಿಗೆ ಕಟ್ಟಿ ಎಳೆದಾಗ ಮೊದಲ ಸಲ ಕೊಕ್ಕೆ ಬರಿದೇ ಬಂತು. ಮತ್ತೆ ಗಾಡಿ ಕಳಿಸಿದರು. ಹೀಗೆ ಎರಡು ದಿನದಲ್ಲಿ ಐದು ಸಲ. ಸೋಮವಾರ ಸಂಜೆ ತಾಡಪತ್ರಿಯ ಸಮೇತ ಜಾಲಿಯ ಹೊರೆ ಹೊರಬಿತ್ತು. ಆಚೆಯ ಬೆಳಕು ಈಚೆಗೆ ಕಂಡಿತು. ಉಳಿದ ಹೂಳನ್ನು ಉದ್ದನೆಯ ಬಿದಿರಿನ ಗಳಕ್ಕೆ ಹಲಗೆ ಕಟ್ಟಿ ಹೊರಗಿನಿಂದಲೇ ಜಗ್ಗಿದರು.

ಜುಲೈ ಕೊನೆಗೆ ಕಾಲುವೆಗೆ ನೀರು ಬಿಟ್ಟರು. ಮೂರನೆಯ ದಿನ ಅಮಾತೆಪ್ಪ ಫೋನು ಮಾಡಿ, ನೀರು ಕಡೆಯ ಹೊಲ ಮುಟ್ಟಿತೆಂದು ಹೇಳಿದ. ಅನ್ವರಬಿ ಆಗ ಲೇಥ್ ಮುಂದೆ ನಿಂತಿದ್ದಳು. ಫೋನನ್ನು ತಮ್ಮನ ಕೈಗೆ ಕೊಟ್ಟಳು.

"ಹೌದ್ರಿ," ಎನ್ನುತ್ತಿದ್ದ ಬಾಷುಮಿಯಾ, "ರಂಗಂಪೇಟಿ ಕಡೆ ಇನ್ನೂ ಎರಡು ಮೋರಿ ಅದಾವೇನು? ಬರ್ತೀನಿ. ನಾನೇ ಬರ್ತೀನ್ರಿ."