ನಳದ ಕೆಳಗೆ ತೊಳೆದ ಬೇರು

ನಮ್ಮ ಮನೆಯ ನೀಲಗಿರಿ ಗಿಡವನ್ನು ಕೊಂದವನು ನಾನು. ಆ ತಪ್ಪನ್ನು ಆರು ವರ್ಷ ನನ್ನ ಅಕ್ಕ ಹುಲಿಗೆಮ್ಮನ ತಲೆಗೆ ಕಟ್ಟಿದೆ. ಅವಳು ನಂಬಿದಳು. ನಂಬದೆ ಜಗಳ ತೆಗೆದಿದ್ದರೆ ಇಷ್ಟೊತ್ತಿಗೆ ನಾನು ಮರೆತೇಬಿಡುತ್ತಿದ್ದೆನೇನೋ — ಆದರೆ ನಂಬಿಬಿಟ್ಟಳು.

ನಾನು ರಾಯಚೂರಿನಲ್ಲಿ ಹೈಸ್ಕೂಲ್ ವಿಜ್ಞಾನದ ಮಾಸ್ತರ. ಗರ್ವದ ಮನುಷ್ಯ, ಬೇರೆಯವರು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. ಕೂಲಿಯವರ ಮನೆಯಿಂದ ಬಂದು ಬೋರ್ಡಿನ ಮುಂದೆ ನಿಂತವನಿಗೆ ಒಂದಿಷ್ಟು ಗರ್ವ ಇರಲಿ ಬಿಡಿ. ಅದರಲ್ಲಿ ಮುಕ್ಕಾಲು ಪಾಲು ಅಕ್ಕನ ಮೇಲಿನದು. ದೇವದುರ್ಗದ ಕಡೆಯ ಒಂದು ನರ್ಸರಿಯಲ್ಲಿ ಅವಳು ಪ್ರಾಯವನ್ನೆಲ್ಲ ಕಳೆದಳು — ಪಾಕೀಟಿಗೆ ಮಣ್ಣು ತುಂಬುತ್ತ, ಬೀಜ ಉದುರಿಸುತ್ತ, ಸಸಿ ಎತ್ತಿ ನೆಡುತ್ತ. ಗೂಗಲ್ ಊರಿಗೆ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ಮರಗಳನ್ನು ತೋರಿಸಿ "ಇವು ನನ್ನವು" ಎನ್ನುತ್ತಾಳೆ, ಪಕ್ಕದಲ್ಲಿ ಕುಳಿತವರು ಯಾರೇ ಆಗಿರಲಿ. ಹೊಸ ಮನೆ ಕಟ್ಟಿದವರು ಮೊದಲ ಸಸಿ ಇಡಿಸಲು ಕೈಗುಣ ಇರುವವರನ್ನು ಹುಡುಕುತ್ತಾರಲ್ಲ, ನಮ್ಮ ಬಳಗದಲ್ಲಿ ಆ ಕರೆ ಯಾವಾಗಲೂ ಅಕ್ಕನಿಗೇ ಬರುತ್ತಿತ್ತು.

ಮೊಣಕಾಲು ಸೋತ ಮೇಲೆ ಅವಳು ನಮ್ಮ ಮನೆಗೆ ಬಂದಳು. ಸೆರಗಿನ ಗಂಟಿನಲ್ಲಿ ಒಂದು ಚಿಟಿಕೆ ನೀಲಗಿರಿ ಬೀಜ. ನಮ್ಮದು ಎರಡನೇ ಮಹಡಿ, ಅಂಗಳವಿಲ್ಲ. ಹಳೆಯ ಎಣ್ಣೆ ಡಬ್ಬದ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಮರಳು ಮಣ್ಣು ತುಂಬಿ, ಪಡಸಾಲೆಯ ಮೂಡಣ ಕಿಟಕಿಯ ಕೆಳಗಿಟ್ಟಳು. ಓಣಿಯ ಹೆಂಗಸರು ನಕ್ಕರು.

"ಯವ್ವಾ, ಬಾವಿ ಕುಡಿಯೋ ಗಿಡ ಇದು. ಮನ್ಯಾಗ ಯಾಕ ಇಟ್ಟೀರಿ?"

"ಬಾವಿ ಕುಡಿಯೋ ಗಿಡಕ್ಕ ಒಂದು ಚೊಂಬು ಕೊಟ್ಟು ಸುಮ್ಮನ ಕೂಡಿಸೀನಿ, ನೋಡ್ರಿ" ಎಂದಳು ಅಕ್ಕ.

ಕೂಡಿಸಿಯೂ ಕೂಡಿಸಿದಳು! ಆಕಾಶಕ್ಕೆ ಹೋಗುವ ಮರವನ್ನು ತುದಿ ಚಿವುಟಿ ಚಿವುಟಿ ಸೊಂಟದೆತ್ತರದಲ್ಲಿ ನಿಲ್ಲಿಸಿದಳು. ಚಿವುಟಿದಲ್ಲೆಲ್ಲ ಎಳೆಯ ಎಲೆ — ಅಗಲವಾಗಿ, ಬೂದಿ ಬೆರೆತ ಹಸಿರು. ಗಿಡ ಬೆಳಕಿನ ಕಡೆಗೇ ವಾಲಬಾರದೆಂದು ಪ್ರತಿ ಸೋಮವಾರ ಡಬ್ಬವನ್ನು ಸ್ವಲ್ಪ ತಿರುಗಿಸುವಳು. ನೀರು ಹಾಕುವ ಮೊದಲು ಬೆರಳನ್ನು ಮಣ್ಣಿಗಿಳಿಸಿ ನೋಡುವಳು. ಮೇಲೆ ಒಣಗಿರಬೇಕು, ಒಳಗೆ ತಂಪಿರಬೇಕು. ರಾಯಚೂರಿನ ಬೇಸಿಗೆಯಲ್ಲಿ ಮನುಷ್ಯರೇ ಬಾಡುತ್ತೇವೆ. ಆ ಗಿಡ ಎರಡು ಬೇಸಿಗೆ ದಾಟಿತು. ಮನೆಗೆ ಬಂದವರಿಗೆಲ್ಲ ಒಂದು ಎಲೆ ಉಜ್ಜಿ ಮೂಸಿಸಿ ಕಳಿಸುತ್ತಿದ್ದೆ. ಅಷ್ಟು ಹೆಮ್ಮೆ ನನಗೆ.

ಹೆಮ್ಮೆಯೇ ಮುಳುವಾಯಿತು — ಇಲ್ಲ, ಹಾಗೆ ಬರೆದರೆ ತಪ್ಪೆಲ್ಲ ಹೆಮ್ಮೆಯದಾಗುತ್ತದೆ. ಮಾಡಿದ್ದು ನಾನು.

ತಂಗಿಯ ಮಗಳ ಬಾಣಂತನಕ್ಕೆಂದು ಅಕ್ಕ ನಾಲ್ಕು ದಿನ ಕವಿತಾಳಕ್ಕೆ ಹೊರಟಳು. ಗಿಡಕ್ಕೆ ಚೆನ್ನಾಗಿ ನೀರುಣಿಸಿ, "ನಾ ಬರೋತನಕ ಮುಟ್ಟಬ್ಯಾಡ್ರಿ" ಎಂದು ಹೇಳಿಹೋದಳು. ಮರುದಿನ ನಮ್ಮ ಶಾಲೆಯ ಮೂವರು ಮಾಸ್ತರರು ಚಹಾಕ್ಕೆ ಬರುವವರಿದ್ದರು, ಮುಖ್ಯವಾಗಿ ಈ ಗಿಡ ನೋಡಲು. ನನಗೆ ತುಕ್ಕು ಹಿಡಿದ ಆ ಡಬ್ಬ ಕಣ್ಣಿಗೆ ಚುಚ್ಚತೊಡಗಿತು. ನೀಲಿ ಬಣ್ಣದ ಪಿಂಗಾಣಿ ಕುಂಡ ತಂದೆ. ಗಿಡದ ಮಣ್ಣಿನ ಮುದ್ದೆ ಅದರಲ್ಲಿ ಹಿಡಿಯಲಿಲ್ಲ. ಮುದ್ದೆಯನ್ನು ಒಡೆದೆ. ಸುತ್ತಿಕೊಂಡಿದ್ದ ಬೇರುಗಳನ್ನು ನಳದ ಕೆಳಗೆ ಹಿಡಿದು, ಕಾಯಿಪಲ್ಲೆ ತೊಳೆದ ಹಾಗೆ ತೊಳೆದೆ. ಉದ್ದವಾದವನ್ನು ಕತ್ತರಿಸಿದೆ. ಬೇರಿನ ರೋಮಗಳಿಂದಲೇ ಗಿಡ ನೀರು ಕುಡಿಯುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಚಿತ್ರ ಬರೆಯುವ ಮಾಸ್ತರ — ನಾನು.

ಬಂದವರು ಹೊಗಳಿದರು. "ನಮ್ಮಕ್ಕ ಬೆಳೆಸಿದ್ದು" ಎಂದು ಎದೆಯುಬ್ಬಿಸಿ ಹೇಳಿದೆ. ಆಗಲೇ ಗಿಡದ ತುದಿ ಬಗ್ಗಿತ್ತು. ಅಕ್ಕ ಬರುವಷ್ಟರಲ್ಲಿ ಎಲೆಗಳೆಲ್ಲ ಮುಟ್ಟಿದರೆ ಮುರಿಯುವಷ್ಟು ಒಣಗಿದ್ದವು.

ಅವಳು ಹೊಸ ಕುಂಡ ನೋಡಿದಳು. ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ಮಣ್ಣು ಒಡೀಲಿಲ್ಲ ಹೌದಲ್ಲೋ ತಮ್ಮಾ?"

"ಇಲ್ಲಕ್ಕ. ಇದ್ದಂಗ ಇಳಿಸೀನಿ, ಒಂದು ಬೇರು ಅಲುಗಿಲ್ಲ. ನೀನ ಹೋಗೋ ಮುಂಚೆ ನೀರು ಜಾಸ್ತಿ ಹಾಕಿದಿ. ಕೊಳತು."

ಅದು ಬಾಯಿ ತಪ್ಪಿ ಬಂದ ಮಾತಲ್ಲ. ಅವಳು ಬಸ್ಸು ಇಳಿಯುವ ಮೊದಲೇ ಜೋಡಿಸಿಟ್ಟುಕೊಂಡಿದ್ದೆ. ಮಾಸ್ತರ ತಮ್ಮ ಸುಳ್ಳು ಹೇಳುತ್ತಾನೆಯೇ? ಅವಳು ತಲೆಯಾಡಿಸಿ ಒಳಗೆ ಹೋದಳು. ಮುಂದೆ ಅದೇ ಸುಳ್ಳನ್ನು ತರಗತಿಯಲ್ಲೂ ಹೇಳಿದೆ — ನೀರು ಅತಿಯಾದರೆ ಬೇರು ಕೊಳೆಯುತ್ತದೆ, ನಮ್ಮ ಮನೆಯಲ್ಲೇ ಹೀಗಾಯಿತು ಎಂದು. ಮಕ್ಕಳು ಬರೆದುಕೊಂಡರು.

ಅಂದಿನಿಂದ ಅಕ್ಕ ಒಂದು ಗಿಡವನ್ನೂ ಮುಟ್ಟಲಿಲ್ಲ. ಯಾರು ಕರೆದರೂ ಮೊಣಕಾಲಿನ ನೆಪ. ಎರಡು ವರ್ಷದ ಹಿಂದೆ ನನ್ನ ಮಗಳು ಸವಿತಾ ಮಾನ್ವಿಯಲ್ಲಿ ಮನೆ ಕಟ್ಟಿಸಿದಳು. ಮೊದಲ ಸಸಿ ಸೋದರತ್ತೆಯ ಕೈಯಿಂದಲೇ ಆಗಬೇಕೆಂದು ಹಟ ಹಿಡಿದಳು. ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, "ಬ್ಯಾಡವ್ವಾ, ನನ್ನ ಕೈ ಕೆಟ್ಟದ. ನಿನ್ನ ಮನಿಗಿ ಈ ಕೈ ಬ್ಯಾಡ" ಎಂದಳು. ಅಲ್ಲೇ ಕುಳಿತಿದ್ದೆ. ಬಾಯಿ ತೆರೆದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಎದುರಿಗೆ ಬೀಗರಿದ್ದರು — ಸುಮ್ಮನಾದೆ. ಸವಿತಾಳ ಮನೆಯ ಮುಂದಿನ ಜಾಗ ಇನ್ನೂ ಖಾಲಿಯೇ ಇದೆ.

ಹೋದ ಭಾನುವಾರ ಸವಿತಾ ಮತ್ತೆ ಫೋನ್ ಮಾಡಿ ಅತ್ತೆಯನ್ನು ಕರೆದಳು. ಅಕ್ಕ ಮತ್ತೆ ಅದೇ ಮಾತು ಹೇಳಿ ಫೋನ್ ನನ್ನ ಕೈಗಿತ್ತಳು. ಆಗ ಫೋನ್ ಬದಿಗಿಟ್ಟು ಅಕ್ಕನಿಗೆ ಹೇಳಿದೆ. ಕುಂಡ, ಮುದ್ದೆ, ನಳ, ಕತ್ತರಿ — ಎಲ್ಲವನ್ನೂ, ಒಂದನ್ನೂ ಬಿಡದೆ.

"ನಳದ ಕೆಳಗ ತೊಳದ್ಯಾ?" ಎಂದಳು ಅಕ್ಕ. "ಮಾಸ್ತರ ಆಗಿ?"

ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಹೊರಳಿಸಿ ಹೊರಳಿಸಿ ನೋಡಿದಳು.

"ಈ ಕೈಗಿ ಎಷ್ಟು ಬೈದೀನೋ ತಮ್ಮಾ."

ಗೋಡೆ ಹಿಡಿದು ಎದ್ದು, ಸೆರಗು ಸಿಕ್ಕಿಸಿಕೊಂಡಳು.

"ಸವಿತಾಗ ಹೇಳು, ಸಸಿಗಿ ಕುಣಿ ತೆಗಿಸಿ ಇಡು ಅಂತ. ಮುಂಜಾನಿ ಬಸ್ಸಿಗೆ ಹೊಂಟೀನಿ. ನೀ ಬರಬ್ಯಾಡ."

ಸವಿತಾಳಿಗೆ ಹೇಳಿದೆ, ಯಾಕೆ ಎಂಬುದನ್ನೂ ಹೇಳಿದೆ. ಮರುದಿನ ತರಗತಿಯಲ್ಲೂ ಹೇಳಿದೆ. ಅಕ್ಕ ಕಂಬಿ ಹಿಡಿದು ಮೆಟ್ಟಿಲಿಳಿದು, ಹಿಂದಿರುಗಿ ನೋಡದೆ ಒಬ್ಬಳೇ ಬಸ್ ಸ್ಟ್ಯಾಂಡಿಗೆ ಹೋದಾಗ ಮಹಡಿಯ ಮೇಲೆ ನಿಂತು ನೋಡಿದೆ. ಅಂಥ ಅಕ್ಕ ನನ್ನವಳು ಎಂದು ಆಗಲೂ ಎದೆ ಉಬ್ಬಿತು, ನಾಚಿಕೆಯಿಲ್ಲದೆ. ಕ್ಷಮಿಸು ಎಂದು ಅವಳನ್ನು ಇನ್ನೂ ಕೇಳಿಲ್ಲ. ಕೇಳಿದರೆ ಕ್ಷಮಿಸಿಬಿಡುತ್ತಾಳೆ. ಅದಕ್ಕೇ ಕೇಳುವುದಿಲ್ಲ.