ಡ್ರಿಲ್ ಮಾಸ್ತರರು ಚಿಂತಾಕಿಗೆ ಬಂದದ್ದು

ಅವರ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಯಾವುದೋ ಪಂದ್ಯದಲ್ಲಿ ಎದುರಾಳಿಯ ಕೋಲು ಬಿದ್ದು ಮುರಿದಿದ್ದ ಎಲುಬು, ಕೂಡುವಾಗ ನೆಟ್ಟಗೆ ಕೂಡಿಬಿಟ್ಟಿತ್ತು. ಚಹಾವನ್ನು ಬಸಿಗೆ ಸುರಿದು ಕುಡಿಯುವಾಗ ಆ ಒಂದು ಬೆರಳು ಉಳಿದವುಗಳ ಜೊತೆ ಜಗಳ ಮಾಡಿಕೊಂಡಂತೆ ಹೊರಗೆ ಚಾಚಿಕೊಂಡಿರುತ್ತಿತ್ತು. ನಾವು ಹುಡುಗರು ಅವರ ಬೆನ್ನ ಹಿಂದೆ ಹಾಗೆಯೇ ಬೆರಳು ಚಾಚಿ ನೀರು ಕುಡಿದು ನಗುತ್ತಿದ್ದೆವು. ಒಂದು ದಿನ ನಾನು ಸಿಕ್ಕಿಬಿದ್ದೆ. ಅವರು ಬೈಯಲಿಲ್ಲ. "ಬೆರಳು ಚಲೋ ಹಿಡೀತಿ. ಕೋಲು ಹಿಡಿಯೋದು ಯಾವಾಗ ಕಲೀತಿ?" ಎಂದು ಕೇಳಿ ಮುಂದೆ ಹೋದರು.

ಅವರು ಬೀದರಿನ ನಮ್ಮ ಹೈಸ್ಕೂಲಿನ ಡ್ರಿಲ್ ಮಾಸ್ತರರು. ಅದಕ್ಕೆ ಮೊದಲು ನಿಜಾಮರ ಫೌಜಿನ ಹಾಕಿ ತಂಡದಲ್ಲಿ ಪಗಾರ ತೆಗೆದುಕೊಂಡು ಆಡಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ಊರಿಗೆ ಮರಳಿ ಸಾಲಿ ಸೇರಿದ್ದರು. ಆಡುವುದಕ್ಕೂ ಪಗಾರ ಕೊಡುತ್ತಾರೆ ಎಂಬುದನ್ನು ನಾನು ಮೊದಲು ಸುಳ್ಳೆಂದೇ ತಿಳಿದಿದ್ದೆ. ಔರಾದ ತಾಲೂಕಿನ ನಮ್ಮ ಚಿಂತಾಕಿಯಲ್ಲಿ ಕೋಲು ಹಿಡಿದವರೆಲ್ಲ ಕುರಿಗಳ ಹಿಂದೆ ಹೋಗುತ್ತಿದ್ದರು, ಅವರಿಗೆ ಯಾರೂ ಪಗಾರ ಕೊಡುತ್ತಿರಲಿಲ್ಲ. ನಾನು ಆಗ ಬೀದರಿಗೆ ಹತ್ತಿದ ಚಿದ್ರಿಯಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ.

ಕೋಟೆಯ ಗೋಡೆಯ ಕೆಳಗೆ ನಮ್ಮ ಮೈದಾನ. ಬೀದರಿನ ನೆಲ ಗೊತ್ತಲ್ಲ, ಎಷ್ಟು ಆರಿಸಿದರೂ ಕೆಂಪು ಕಲ್ಲು ಮತ್ತೆ ಮೇಲೆ ಬರುತ್ತದೆ. ಮಾಸ್ತರರ ಕಾಯಿದೆ ಏನೆಂದರೆ, ಆಟಕ್ಕೆ ಬಂದ ಪ್ರತಿಯೊಬ್ಬನೂ ಮೊದಲು ಹನ್ನೊಂದು ಕಲ್ಲು ಆರಿಸಿ ಹೊರಗೆ ಹಾಕಬೇಕು, ಆಮೇಲೆ ಕೋಲು ಮುಟ್ಟಬೇಕು. ವಕೀಲರ ಮಗನಿಗೂ ಅದೇ ಕಾಯಿದೆ, ನನಗೂ ಅದೇ. "ಬೆನ್ನು ಬಗ್ಗಲಿ. ಹಾಕಿ ಬಗ್ಗಿದವರ ಆಟ" ಎನ್ನುತ್ತಿದ್ದರು. ನನ್ನನ್ನು ಒಂದು ವಾರ ನೋಡಿ ಗೋಲಿನಲ್ಲಿ ನಿಲ್ಲಿಸಿದರು. ಕಾರಣ ಕೇಳಿದ್ದಕ್ಕೆ, "ನಿನಗ ಓಡೋದೂ ಬರಂಗಿಲ್ಲ, ಹೆದರೋದೂ ಬರಂಗಿಲ್ಲ. ಇಂಥವಗ ಅದೊಂದೇ ಜಾಗಾ ಐತಿ" ಎಂದರು. ಅದನ್ನು ಹೊಗಳಿಕೆ ಎಂದುಕೊಂಡು ನಾಲ್ಕು ದಿನ ಎದೆಯುಬ್ಬಿಸಿ ತಿರುಗಿದೆ.

ವರ್ಷದ ಪರೀಕ್ಷೆ ಮುಗಿಯುತ್ತಿದ್ದಂತೆ ಅವರು ಮುಂದಿನ ವರ್ಷದ ತಂಡವನ್ನು ಬರೆದಿಡುತ್ತಿದ್ದರು. ಉದ್ದನೆಯ ಕಾಗದದ ಮೇಲೆ ಉರ್ದುವಿನಲ್ಲಿ ಹನ್ನೊಂದು ಹೆಸರು, ಪ್ರತಿ ಹೆಸರಿನ ಕೆಳಗೆ ಸಣ್ಣದಾಗಿ ಇನ್ನೊಂದು ಹೆಸರು. ಇವನು ಹೋದರೆ ಅವನು ಎಂಬ ಲೆಕ್ಕ. ಯಾರು ಪಾಸಾಗಿ ಹೋಗುತ್ತಾರೆ, ಯಾರು ಫೇಲಾಗಿ ಉಳಿಯುತ್ತಾರೆ, ಯಾರಿಗೆ ಅಪ್ಪ ಮದುವೆ ಮಾಡಿ ಹೊಲಕ್ಕೆ ಹಚ್ಚುತ್ತಾನೆ, ಎಲ್ಲ ವಿಚಾರಿಸಿಕೊಂಡೇ ಬರೆಯುವರು. ಗಣಿತದಲ್ಲಿ ಎರಡು ಸಲ ಫೇಲಾದ ನಮ್ಮ ರೈಟ್ ಬ್ಯಾಕ್ ಮೂರನೇ ಸಲವೂ ಫೇಲಾಗುತ್ತಾನೆಂದು ಬರೆದಿಟ್ಟಿದ್ದರು. ಅವನು ಹಟ ಹಿಡಿದು ಓದಿ ಪಾಸಾದ. ಮಾಸ್ತರರು ಅವನಿಗೆ ಜಿಲೇಬಿ ತಿನ್ನಿಸಿದರು, ತಂಡಕ್ಕಾದ ನಷ್ಟಕ್ಕೆ ಎರಡು ದಿನ ಮುಖ ಸಣ್ಣ ಮಾಡಿಕೊಂಡು ಕೂತರು.

ಪೊಲೀಸ್ ಕಾರ್ಯಾಚರಣೆಯ ವರ್ಷ ಆ ಪಟ್ಟಿ ಚಿಂದಿಯಾಯಿತು. ಅದಕ್ಕೆ ಮೊದಲು ರಜಾಕಾರರು ನಮ್ಮ ಹಟ್ಟಿಯಿಂದ ಅರ್ಧ ಹಿಂಡನ್ನೇ ಹೊಡೆದುಕೊಂಡು ಹೋಗಿದ್ದರು, ತಡೆಯಲು ಹೋದ ನಮ್ಮ ಕಾಕಾನ ಕೈ ಮುರಿದಿದ್ದರು. ಹಿಂದುಸ್ತಾನದ ಫೌಜು ಬಂದು ಅದೆಲ್ಲ ನಿಂತಿತು. ಆದರೆ ಆಮೇಲೆ ಹಳ್ಳಿಹಳ್ಳಿಗಳಲ್ಲಿ ಏನೂ ಅರಿಯದ ಮುಸ್ಲಿಮರ ಮೇಲೆ ನಡೆದದ್ದನ್ನು ನೆನೆದರೆ ನಮ್ಮವರೂ ತಲೆ ತಗ್ಗಿಸಬೇಕು. ಮಾಸ್ತರರ ತಮ್ಮ ಭಾಲ್ಕಿ ಕಡೆಯ ಒಂದು ಹಳ್ಳಿಯಲ್ಲಿದ್ದ. ಆ ತಮ್ಮನ ಮಗನೇ ನಮ್ಮ ತಂಡದ ಲೆಫ್ಟ್ ಇನ್. ರಜೆಗೆ ಊರಿಗೆ ಹೋಗಿದ್ದ. ಅಪ್ಪ ಮಗ ಇಬ್ಬರ ಸುದ್ದಿಯೂ ಮುಂದೆ ಬರಲಿಲ್ಲ. ಸಾಲಿ ಮತ್ತೆ ಶುರುವಾಗಿ ಮೊದಲ ಪಂದ್ಯ ಬಂದಾಗ ನಾವು ಹತ್ತೇ ಜನ ಇಳಿದೆವು. ಪಟ್ಟಿಯಲ್ಲಿ ಅವನ ಹೆಸರಿನ ಕೆಳಗಿದ್ದ ಹುಡುಗ ಬದಿಯಲ್ಲೇ ಕೂತಿದ್ದ. ಹೆಡ್ ಮಾಸ್ತರರು ಬಂದು, ಯಾಕೆ ಹೀಗೆ ಎಂದು ಕೇಳಿದರು. "ಆ ಹುಡುಗನ ಹೆಸರು ನಾನು ಪಟ್ಟಿಯಾಗ ಇನ್ನೂ ಹೊಡದಿಲ್ಲ ಸಾಹೇಬ್ರ" ಎಂದಷ್ಟೇ ಹೇಳಿದರು ನಮ್ಮ ಮಾಸ್ತರರು. ಆ ವರ್ಷವಿಡೀ ಹೊಡೆಯಲಿಲ್ಲ. ನಾವು ಹತ್ತು ಜನರೇ ಆಡಿ ಎಲ್ಲ ಕಡೆ ಸೋತೆವು. ತಮ್ಮನ ಸುದ್ದಿ ನಿಂತಾಗಿನಿಂದ ಅವರು ಬೀದರ ದಾಟಿ ಯಾವ ಹಳ್ಳಿಗೂ ಹೋಗುತ್ತಿರಲಿಲ್ಲ. ತಂಡ ಹೊರಗೆ ಹೋದರೆ ಬೇರೆ ಮಾಸ್ತರರನ್ನು ಕಳಿಸುತ್ತಿದ್ದರು.

ಇದಾದ ಮೂರನೇ ವರ್ಷ ನನ್ನ ಮ್ಯಾಟ್ರಿಕ್. ಹೈದರಾಬಾದಿನ ಒಂದು ಇಲಾಖೆಯ ತಂಡಕ್ಕೆ ಆಟಗಾರರನ್ನು ಆರಿಸಲು ಒಬ್ಬ ಸಾಹೇಬರು ಬೀದರಿಗೆ ಬಂದರು. ಪಕ್ಕಾ ನೌಕರಿ, ತಿಂಗಳ ಪಗಾರ, ಕೆಲಸವೆಂದರೆ ಹಾಕಿ ಆಡುವುದು. ಎರಡು ಸಂಜೆ ನಮ್ಮ ಆಟ ನೋಡಿ ನನ್ನ ಹೆಸರು ಕೇಳಿದರು. ನಾನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮಾಸ್ತರರು ನಡುವೆ ಬಂದು, "ಇವ ಬರಂಗಿಲ್ಲ ಸಾಬ್. ಇವ ಕಾಲೇಜಿಗೆ ಹೊಂಟಾನ" ಎಂದುಬಿಟ್ಟರು. ಆ ಜಾಗಕ್ಕೆ ಬೇರೆ ಊರಿನ ಹುಡುಗ ಹೋದ. ನಾನು ಸಿಟ್ಟಿನಿಂದ ನನ್ನನ್ನು ಒಂದು ಮಾತು ಕೇಳಬೇಕಾಗಿತ್ತಲ್ಲ ಎಂದೆ. "ನನ್ನ ಮೊಣಕಾಲು ನೋಡು" ಎಂದರು. "ಮೂವತ್ತು ವರ್ಷಕ್ಕ ನನ್ನ ಆಟ ಮುಗೀತು. ಆಮ್ಯಾಲ ಯಾರೂ ನನ್ನ ಕೇಳಲಿಲ್ಲ. ನೀ ಓದು. ಕಾಲೇಜಿನ್ಯಾಗೂ ಗೋಲು ಇರ್ತಾವ."

ಕಾಲೇಜಿನ ಕಾಗದ ತರಿಸಿದವರೂ ಅವರೇ. ನಮ್ಮಪ್ಪ ಬೀದರಿಗೆ ಬಂದಾಗ ಅದನ್ನು ಓದಿ ಹೇಳಿದವರೂ ಅವರೇ. ಹಿಂದಿನ ವರ್ಷಕ್ಕಿಂತ ಫೀ ಏರಿತ್ತು, ಹಾಸ್ಟೆಲಿನದೂ ಏರಿತ್ತು. ಅಪ್ಪ ಒಂದೊಂದೇ ಅಂಕಿಯನ್ನು ಎರಡೆರಡು ಸಲ ಕೇಳಿ, ಬೆರಳು ಮಡಚಿ, ಊರಿಗೆ ಹೋಗಿ ರಜಾಕಾರರು ಬಿಟ್ಟುಹೋದ ಹಿಂಡಿನಲ್ಲಿ ಇನ್ನರ್ಧ ಮಾರಿದ. ನೋಟುಗಳನ್ನು ನನ್ನ ಅಂಗಿಯ ಒಳಗೆ ಹೊಲಿದು ಮನೆಯವರು ನನ್ನನ್ನು ಹೈದರಾಬಾದಿನ ರೈಲು ಹತ್ತಿಸಿದರು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ನಮ್ಮಲ್ಲಿ ಎರಡು ರೂಪಾಯಿ ಓಡಾಡುತ್ತಿದ್ದವು. ನಿಜಾಮರ ಕಾಲದಿಂದ ಬಂದ ಹಾಲಿ ರೂಪಾಯಿ ಒಂದು, ಹಿಂದುಸ್ತಾನದ ಕಲ್ದಾರ್ ರೂಪಾಯಿ ಇನ್ನೊಂದು. ನಮ್ಮ ಏಳು ಕೊಟ್ಟರೆ ಅವರ ಆರು ಬರುತ್ತಿತ್ತು. ಬೀದರಿನ ಜನ ಬರೇ ರೂಪಾಯಿ ಎಂದರೆ ಅದು ಹಾಲಿಯೇ. ಮಾಸ್ತರರು ಹುಟ್ಟಿದಾಗಿನಿಂದ ಎಣಿಸಿದ್ದು ಅದನ್ನೇ. ಕಾಲೇಜಿನ ಕಾಗದ ಆ ವರ್ಷ ಮೊದಲ ಸಲ ಇಂಗ್ಲಿಷಿನಲ್ಲಿ ಬಂದಿತ್ತು, ಅದರ ಬುಡದಲ್ಲಿ ಸಣ್ಣ ಅಕ್ಷರದಲ್ಲಿ, ಎಲ್ಲ ಫೀ ಕಲ್ದಾರಿನಲ್ಲಿ ಎಂದು ಬರೆದಿತ್ತು. ಮಾಸ್ತರರು ಅಂಕಿ ಓದಿದ್ದರು, ಬುಡ ಓದಿರಲಿಲ್ಲ. ಹೈದರಾಬಾದಿನ ಕಾಲೇಜಿನ ಕಿಟಕಿಯಲ್ಲಿ ಕೂತಿದ್ದ ಗುಮಾಸ್ತ ನನ್ನ ನೋಟುಗಳನ್ನು ಎಣಿಸಿ, ಹಾಗೇ ನನ್ನ ಕಡೆ ತಳ್ಳಿದ. ಹದಿನೈದು ದಿನದೊಳಗೆ ಪೂರ್ತಿ ತಂದರೆ ಸೀಟು, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನವನಿಗೆ ಎಂದ. ಏಳರಲ್ಲಿ ಒಂದು ಪಾಲು ಹಣ ಕಡಿಮೆ ಬಿದ್ದಿತ್ತು.

ನಾನು ಬೀದರಿಗೆ ಬಂದು ನೇರವಾಗಿ ಮೈದಾನಕ್ಕೆ ಹೋದೆ. ಏನೇನು ಅಂದೆನೋ ಪೂರ್ತಿ ನೆನಪಿಲ್ಲ. "ನೌಕರಿನೂ ಕಳದ್ರಿ, ಕಾಲೇಜೂ ಕಳದ್ರಿ" ಎಂದದ್ದು ಮಾತ್ರ ನೆನಪಿದೆ. ಅವರು ಕಾಗದ ಇಸಿದುಕೊಂಡು ಬುಡದ ಸಾಲಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದರು. ಕಾಗದ ಮಡಚಿ ಕೊಟ್ಟು, "ತಪ್ಪು ನನ್ನದು ಬೇಟಾ" ಎಂದರು. ನಾನು ಔರಾದದ ಬಸ್ಸು ಹತ್ತಿದೆ.

ಚಿಂತಾಕಿಯಲ್ಲಿ ಅಪ್ಪ ನನ್ನ ಮಾತು ಕೇಳಿ ಕಂಬಳಿ ಕೊಡವಿದ. "ಆ ಮಾಸ್ತರ ನಮಗ ಟೋಪಿ ಹಾಕ್ಯಾನ" ಎಂದ. "ಓದಾಕ ಬರೋವ ರೊಕ್ಕದ ಮಾತು ತಪ್ಪು ಓದ್ತಾನೇನು? ಕಾಲೇಜಿನವರ ಕಡೆ ಅವಂದು ಏನೋ ಐತಿ. ಮೊದಲು ಅವರ ಮಂದಿ ಕುರಿ ಹೊಡಕೊಂಡು ಹೋದ್ರು, ಈಗ ಓದಿ ಹೇಳಿ ಮಾರಸ್ಯಾರ." ಅವ್ವ ನನ್ನ ಮುಖ ನೋಡಿದಳು. ಮಾಸ್ತರರು ಅಂಥವರಲ್ಲ ಎಂದು ಒಂದು ಮಾತು ಹೇಳಬೇಕಾದವನು ನಾನು. ನಾನು ರೊಟ್ಟಿ ಮುರಿಯುತ್ತ ಕೂತೆ. ಸುಳ್ಳು ಯಾಕೆ ಹೇಳಲಿ, ಅಪ್ಪನ ಮಾತು ಅರ್ಧ ನಿಜವಿರಬಹುದು ಎಂದೇ ನನಗೂ ಅನಿಸಿತ್ತು. ಆ ಹಣದಲ್ಲಿ ಮತ್ತೆ ಕುರಿ ಕೊಂಡು ಹಿಂಡಿನ ಹಿಂದೆ ನಾನೂ ಹೋಗುವುದೆಂದು ತೀರ್ಮಾನವಾಯಿತು.

ಮೂರನೇ ದಿನ ಮಧ್ಯಾಹ್ನ ಊರಬಾಗಿಲು ಅಗಸಿಯ ಕಡೆಯಿಂದ ಹುಡುಗರು ಓಡಿಬಂದು, ಯಾರೋ ಟೋಪಿಯ ಸಾಹೇಬ ನಿಮ್ಮ ಮನೆ ಕೇಳುತ್ತಿದ್ದಾನೆ ಎಂದರು. ನಾನು ಹೊರಗೆ ಬಂದು ನೋಡಿದರೆ ಮಾಸ್ತರರು. ಮೊಣಕಾಲಿನವರೆಗೆ ಧೂಳು, ಕುಂಟುತ್ತಿದ್ದರು, ತಲೆಯ ಮೇಲೆ ಬೀದರಿನಲ್ಲೂ ಅವರು ಆ ಗಲಭೆಯ ವರ್ಷದಿಂದ ಹಾಕದಿದ್ದ, ಮುಸ್ಲಿಮರ ಕೆಂಪು ರೂಮಿ ಟೋಪಿ. ಹಿಂದೆ ಊರಿನ ಹತ್ತಾರು ಜನ ಸುಮ್ಮನೆ ಬರುತ್ತಿದ್ದರು. ಆ ಸುಮ್ಮನೆ ಬರುವುದು ನನಗೆ ಸರಿ ಕಾಣಲಿಲ್ಲ.

ಅಪ್ಪ ಕಟ್ಟೆಯ ಮೇಲಿಂದ ಏಳಲಿಲ್ಲ. ಮಾಸ್ತರರು ನಿಂತುಕೊಂಡೇ ಮಾತಾಡಿದರು. "ಹಿರಿಯರ, ಕಾಗದ ನಾನೇ ಓದಿ ಹೇಳಿದ್ದು. ತಪ್ಪು ಓದಿದೆ. ಕಲ್ದಾರ ಅಂತ ಬರದಿತ್ತು, ನನ್ನ ತಲ್ಯಾಗ ಹಾಲಿನೇ ಇತ್ತು. ಇದರಾಗ ಹುಡುಗನ ತಪ್ಪಿಲ್ಲ, ಕಾಲೇಜಿನವರ ತಪ್ಪಿಲ್ಲರಿ. ನಿಮ್ಮ ಎದುರಿಗೆ ನಿಂತು ಹೇಳಬೇಕಂತ ಬಂದೇನಿ."

ಅಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿ, "ಹ್ಯಾಂಗ ಬಂದ್ರಿ?" ಎಂದ.

"ಔರಾದ ತನಕ ಬಸ್ಸು. ಅಲ್ಲಿಂದ ನಡಕೋತ."

"ಒಬ್ರೇ?"

"ಒಬ್ಬನೇ ರಿ. ಬಸ್ಸಿನ್ಯಾಗ ಟೋಪಿ ಕಿಸೇದಾಗ ಇಟ್ಟಿದ್ದೆ. ನಿಮ್ಮ ಅಗಸಿ ಮುಂದ ಹಾಕೊಂಡೆ. ನಿಮ್ಮ ಮನಿಗೆ ಮುಖ ಮರಸಿ ಬರಬಾರದು ಅನಸ್ತು."

ಮಾಸ್ತರರ ತಮ್ಮನ ಮನೆಗೆ ಏನಾಯಿತೆಂದು ನಾನು ಹಿಂದೊಮ್ಮೆ ಅಪ್ಪನಿಗೆ ಹೇಳಿದ್ದೆ. ಅಪ್ಪ ಎದ್ದು ಒಳಗೆ ಹೋಗಿ ಗಳದ ಮೇಲಿನ ಕರಿ ಕಂಬಳಿ ತಂದ. ನಮ್ಮ ಕುರುಬರಲ್ಲಿ ಆ ಕಂಬಳಿಯನ್ನು ದೇವರ ಕೆಲಸಕ್ಕೆ ಹಾಸುತ್ತಾರೆ, ಬೀಗರು ಬಂದರೆ ಹಾಸುತ್ತಾರೆ, ಮತ್ಯಾರಿಗೂ ಹಾಸುವುದಿಲ್ಲ. ಅಪ್ಪ ಅದನ್ನು ಕಟ್ಟೆಯ ಮೇಲೆ ಹಾಸಿ, "ಕೂಡ್ರಿ ಮಾಸ್ತರ" ಎಂದ. ಹಿಂದೆ ನಿಂತಿದ್ದ ಜನ ಒಬ್ಬೊಬ್ಬರಾಗಿ ಕರಗಿದರು.

ಮಾಸ್ತರರು ತಮ್ಮ ಪಗಾರದಿಂದ ತಿಂಗಳಿಗಿಷ್ಟು ಕೊಟ್ಟು ಕಡಿಮೆ ಬಿದ್ದದ್ದನ್ನು ತುಂಬುತ್ತೇನೆ ಎಂದರು. ಅಪ್ಪ ಒಪ್ಪಲಿಲ್ಲ. "ತಪ್ಪು ಓದಿದ್ದಕ್ಕ ದಂಡ ಕೊಡ್ತೀರೇನು? ಹಂಗಾದ್ರ ಓದಾಕೇ ಬರದ ನಾ ಎಷ್ಟು ಕೊಡ್ಲಿ?" ಎಂದ. ಅವ್ವ ಒಳಗೆ ನಕ್ಕದ್ದು ಕೇಳಿಸಿತು. ಉಳಿದಿದ್ದರಲ್ಲಿ ಮತ್ತಷ್ಟು ಕುರಿ ಮಾರುವುದೆಂದು ಅಲ್ಲೇ ಮಾತಾಯಿತು. ಮಾಸ್ತರರು ಸಂಜೆಯ ಬಸ್ಸಿಗೆ ಹೊರಡುತ್ತೇನೆಂದು ಎರಡು ಮೂರು ಸಲ ಎದ್ದರು. ನಾವು ಬಿಡಲಿಲ್ಲ. ಕಾಲು ಬಾತಿದೆ, ಉಂಡು ಮಲಗಿ ಬೆಳಿಗ್ಗೆ ಹೋಗಿ ಎಂದು ಅಪ್ಪ ಜುಲುಮೆ ಮಾಡಿ ಕೂರಿಸಿದ. ಅವರು ಮತ್ತೆ ಮತ್ತೆ ದಾರಿಯ ಕಡೆ ನೋಡುತ್ತಿದ್ದುದನ್ನು ಸಂಕೋಚವೆಂದು ತಿಳಿದೆವು. ಮರುದಿನ ಅಪ್ಪ ಔರಾದದವರೆಗೆ ಜೊತೆಗೆ ನಡೆದುಹೋಗಿ, ಬಸ್ಸು ಹೊರಡುವ ತನಕ ನಿಂತು ಬಂದ. ಬಂದವನು ನನಗೆ ಹೇಳಿದ್ದು ಒಂದೇ ಮಾತು. "ನಾ ಅವರಿಗೆ ಅಂದಿದ್ದನ್ನ ಅವರ ಕಿವಿಗೆ ಹಾಕಬ್ಯಾಡ."

ಹನ್ನೆರಡನೇ ದಿನಕ್ಕೆ ಪೂರ್ತಿ ಫೀ ಕಟ್ಟಿದೆ. ಕಾಲೇಜಿನಲ್ಲಿ ನಾಲ್ಕು ವರ್ಷ ಗೋಲಿನಲ್ಲಿ ನಿಂತೆ, ಆಮೇಲೆ ಶಿಕ್ಷಣ ಇಲಾಖೆ ಸೇರಿದೆ. ಬೀದರಿಗೆ ಹೋದಾಗಲೆಲ್ಲ ಮಾಸ್ತರರನ್ನು ಕಂಡು ಬರುತ್ತಿದ್ದೆ. ಹೊಸ ಹುಡುಗರ ವಿಷಯ, ಕಾಲೇಜುಗಳ ಫೀ ಮತ್ತೆ ಏರಿದ ವಿಷಯ, ಗೋಲು ಕಾಯುವವರೇ ಸಿಗುವುದಿಲ್ಲವೆಂಬ ಅವರ ಗೋಳು, ಇವೇ ಮಾತು. ಆ ಮೂರು ದಿನ ಅವರ ಮೇಲೆ ಸಂಶಯಪಟ್ಟ ಮಾತು ನನ್ನ ಬಾಯಿಗೆ ಬಂದು ಬಂದು ಹೋಗುತ್ತಿತ್ತು. ಮುಂದಿನ ಸಲ ಹೇಳಿದರಾಯಿತು ಎನ್ನುತ್ತ ವರ್ಷಗಳನ್ನು ಕಳೆದೆ.

ಅವರು ಹೋದ ಸುದ್ದಿ ನನಗೆ ತಡವಾಗಿ ಮುಟ್ಟಿತು. ಮಣ್ಣು ಮಾಡಿ ಎರಡು ದಿನವಾದ ಮೇಲೆ ಹೋದೆ. ಅವರ ಹೆಂಡತಿ, ನಾವೆಲ್ಲ ಅಮ್ಮಾಜಾನ್ ಎನ್ನುತ್ತಿದ್ದವರು, ನನ್ನನ್ನು ಗುರುತು ಹಿಡಿದು ಹತ್ತಿರ ಕೂರಿಸಿಕೊಂಡರು. ಚಿಂತಾಕಿಯ ಹುಡುಗ ನೀನೇ ಅಲ್ಲವೇ ಎಂದು ಕೇಳಿದರು.

"ನಿಮ್ಮ ಊರಿಗೆ ಹೋಗೋ ಮುಂದ ಅವರು ತಿಂಗಳ ಪಗಾರ ಯಾರ ಕಡೆ ಇಸ್ಕೋಬೇಕು, ಮಗಳನ್ನ ಯಾರ ಮನಿಗೆ ಕಳಸಬೇಕು, ಎಲ್ಲಾ ಹೇಳಿ ಹೋಗಿದ್ರಪ್ಪಾ" ಎಂದರು. "ಸಂಜಿ ಬಸ್ಸಿಗೆ ಬರಲಿಲ್ಲಂದ್ರ ಹುಡುಕಾಕ ಯಾರನ್ನೂ ಕಳಸಬ್ಯಾಡ ಅಂದ್ರು. ನಾ ಕಾಲಿಗೆ ಬಿದ್ದೆ. ಕೇಳಲಿಲ್ಲ. ಹುಡುಗ ನನ್ನನ್ನ ನಂಬ್ಯಾನ, ಅವನ ವರ್ಷ ಹಾಳಾಗಬಾರದು ಅಂದ್ರು. ಅವತ್ತ ಸಂಜಿ ಬಸ್ಸಿಗೆ ಅವರು ಬರಲಿಲ್ಲ. ಅವರು ಇನ್ನಿಲ್ಲ ಅಂತ ತಿಳದು ಆ ರಾತ್ರಿ ನಾ ಬಳಿ ಒಡಕೊಂಡೀನಿ."

ನಾವು ಉಣ್ಣಿಸಿ ಮಲಗಿಸಿದ ರಾತ್ರಿ ಅದು. ಅಮ್ಮಾಜಾನ್ ಬಳೆಯಿಲ್ಲದ ಬರಿಗೈಯನ್ನು ಮುಂದೆ ಚಾಚಿ ತೋರಿಸಿದರು. ಆ ಮಾತು ಮತ್ತೆ ಬಾಯಿಗೆ ಬಂತು. ಮೊದಲೇ ಅತ್ತು ಸಾಕಾಗಿದ್ದ ಆ ಹೆಂಗಸಿನ ಮುಂದೆ ಏನೆಂದು ಹೇಳಲಿ? ನಿಮ್ಮ ಯಜಮಾನರು ಜೀವದ ಆಸೆ ಬಿಟ್ಟು ಆ ದಾರಿ ನಡೆದು ಬರುವಾಗ, ಅವರನ್ನು ನಂಬಿದ್ದ ಆ ಹುಡುಗ ಅವರನ್ನು ಕಳ್ಳ ಎಂದುಕೊಂಡು ಮನೆಯಲ್ಲಿ ರೊಟ್ಟಿ ತಿನ್ನುತ್ತಿದ್ದ ಎಂದೇ?