ಪಂಜರದ ಸುತ್ತಲಿನ ಹುಲ್ಲು

ಗಣಿ ಅಗೆದು ಬಿಟ್ಟುಹೋದ ನೆಲಕ್ಕೆ ಮತ್ತೆ ಮಣ್ಣು ಹೊದಿಸಿ ಹಸಿರು ತರುವ ವಿದ್ಯೆಯಲ್ಲಿ ನಮ್ಮ ಸಂಸ್ಥೆಗೆ ಇಂದು ಒಂದಿಷ್ಟು ಹೆಸರಿದ್ದರೆ, ಅದರ ಬಹುಪಾಲು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಗುರುಗಳಿಗೆ ಸಲ್ಲಬೇಕು. ವಿದ್ಯಾರ್ಥಿಗಳ ಬಾಯಲ್ಲಿ ಅವರು 'ಹುಲ್ಲು ಮೇಡಂ'. ಆ ಹೆಸರು ಅವರ ಕಿವಿಗೂ ಬಿದ್ದಿದೆ. ಅದಕ್ಕೆಲ್ಲ ಅವರು ತಲೆ ಕೆಡಿಸಿಕೊಂಡವರಲ್ಲ.

ನಾನು ಅವರ ಬಳಿ ಸಂಶೋಧನೆಗೆ ಸೇರಿದ ಮೊದಲ ಬೇಸಿಗೆಯಲ್ಲೇ ಬಯಲಲ್ಲಿ ತಲೆ ಸುತ್ತಿ ಬಿದ್ದೆ. ತಮ್ಮ ಟೋಪಿಯನ್ನು ನನ್ನ ತಲೆಗಿಟ್ಟು, ಜೀಪಿನ ನೆರಳಲ್ಲಿ ಕೂರಿಸಿ, ನನ್ನ ಪಾಲಿನ ಅಳತೆಯನ್ನೂ ಅವರೇ ಮುಗಿಸಿದರು. ಟೋಪಿಯಿಲ್ಲದೆ ಬಂದದ್ದಕ್ಕೆ ಸಂಜೆ ಚೆನ್ನಾಗಿ ಬೈಸಿಕೊಂಡೆ.

ಆಗ ನಮ್ಮ ಮುಂದಿದ್ದ ಪ್ರಶ್ನೆ ಸರಳವಾಗಿತ್ತು: ಹೊಸದಾಗಿ ಹಸಿರಾದ ಗಣಿನೆಲದಲ್ಲಿ ದನ ಮೇಯಿಸಬಹುದೇ? ಗಣಿಗೆ ಮೊದಲು ಅದು ಪಕ್ಕದ ಊರಿನ ಹುಲ್ಲುಗಾವಲು. ಅದು ಮರಳಿ ಸಿಗಲೆಂದು ದನಗಾಹಿಗಳು ವರ್ಷಗಟ್ಟಲೆ ಕಾದಿದ್ದರು. ಪ್ರಯೋಗಕ್ಕೆಂದು ಅವರ ಕೆಲವು ದನಗಳನ್ನು ಬಿಟ್ಟು, ಅಲ್ಲಲ್ಲಿ ತಂತಿಬಲೆಯ ಪಂಜರ ನೆಟ್ಟು, ದನ ಬಾಯಿ ಹಾಕಲಾರದ ಒಳಗಿನ ಹುಲ್ಲನ್ನು ಪಕ್ಕದ ಹೊರನೆಲದ ಹುಲ್ಲಿನೊಡನೆ ಹೋಲಿಸಿದೆವು. ಹೊರಗೆ ನೆಲ ಬೋಳಾಗಿತ್ತು. ಮೇಯಿಸುವುದನ್ನು ಪೂರ್ತಿ ನಿಷೇಧಿಸಬೇಕೆಂದು ಮೇಡಂ ಬರೆದ ವರದಿ ಅಚ್ಚಾಯಿತು. ಬೇಲಿ ಹಾಕುವ ತೀರ್ಮಾನಕ್ಕೆ ಸಭೆಯೂ ಗೊತ್ತಾಯಿತು.

ಸಭೆಗೆ ಮುನ್ನ ಪಂಜರಗಳನ್ನು ಕೀಳಿಸಲು ಹೋಗಿ, ಬುತ್ತಿ ಬಿಚ್ಚಿ ಕೂತಿದ್ದೆವು. ಒಂದು ಮುದಿ ಹಸು ಬಂದು ಪಂಜರದ ಗೂಟಕ್ಕೆ ಕತ್ತು ಉಜ್ಜತೊಡಗಿತು. ಹಿಂದೆ ಇನ್ನೊಂದು ಸರದಿ ಕಾಯುತ್ತಿತ್ತು. ಮೇಡಂ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಆ ಬಯಲಲ್ಲಿ ಮೈ ತುರಿಸಿಕೊಳ್ಳಲು ದನಗಳಿಗೆ ಒಂದು ಮರವೂ ಇರಲಿಲ್ಲ. ಇದ್ದದ್ದು ನಮ್ಮ ಗೂಟಗಳು. ಅವುಗಳ ಸುತ್ತ ಮಂದೆಯೆಲ್ಲ ಸೇರಿ ತುಳಿದ ಅಷ್ಟೇ ನೆಲವನ್ನು ಅಳೆದು, ಇಡೀ ಬಯಲಿನ ಗತಿ ಇದೇ ಎಂದು ನಾವು ಬರೆದಿದ್ದೆವು.

"ನಾವು ಅಳ್ದಿದ್ದು ಮೇಯೋದನ್ನಲ್ಲ ಕಣೋ, ತುರಿಕೇನ!" ಎಂದರು ಮೇಡಂ.

ಆ ವರದಿಯ ಬಲದ ಮೇಲೆಯೇ ಅವರಿಗೆ ಪ್ರಾಧ್ಯಾಪಕ ಹುದ್ದೆ ಸಿಗುವುದಿತ್ತು. ನಿರ್ದೇಶಕರು ಕರೆದು ಬುದ್ಧಿ ಹೇಳಿದರು: "ಅಚ್ಚಾಗಿರೋದನ್ನ ತಪ್ಪು ಅಂದ್ರೆ ನಿಮ್ಮ ಹೆಸರು ಏನಾಗುತ್ತೆ ಮೇಡಂ? ಬಡ್ತಿ ಕೈತಪ್ಪುತ್ತೆ."

"ಹೆಸರು ನಂದು ಸರ್, ಹೋದ್ರೆ ನಾನು ನೋಡ್ಕೋತೀನಿ. ಹುಲ್ಲುಗಾವಲು ಅವರದು."

ಸಭೆಯಲ್ಲಿ ಎದ್ದು ನಿಂತು ವರದಿಯನ್ನು ಹಿಂತೆಗೆದುಕೊಂಡರು. ಗೂಟಗಳಿಂದ ದೂರದಲ್ಲಿ ಎಲ್ಲವನ್ನೂ ಹೊಸದಾಗಿ ಅಳೆದಾಗ, ಸಮತಟ್ಟಿನಲ್ಲಿ ಹಿತಮಿತವಾಗಿ ಮೇಯಿಸಿದರೆ ಹುಲ್ಲಿಗೆ ಏನೂ ತೊಂದರೆಯಿಲ್ಲವೆಂದು ತಿಳಿಯಿತು. ಇಳಿಜಾರಿನಲ್ಲಿ ಮಾತ್ರ ಗೊರಸು ಬಿದ್ದಲ್ಲೆಲ್ಲ ಮಣ್ಣು ಜಾರುತ್ತಿತ್ತು. ಮೇಡಂ ಅದನ್ನೂ ಮುಚ್ಚಿಡಲಿಲ್ಲ.

"ನಮ್ ಪರ ಇದೀರಿ ಅಂದ್ಕೊಂಡಿದ್ವಲ್ಲಮ್ಮ!" ಎಂದು ಹಿರಿಯ ದನಗಾಹಿ ಸಿಡುಕಿದರು.

"ಸಮತಟ್ಟಲ್ಲಿ ಮೇಯಿಸಿ. ಇಳಿಜಾರು ಈಗ್ಲೇ ಬೇಡಪ್ಪ."

ಅವರು ಗೊಣಗುತ್ತಲೇ ದನಗಳನ್ನು ತಿರುಗಿಸಿದರು.

ಬಡ್ತಿ ಆ ವರ್ಷ ಬರಲಿಲ್ಲ, ಮುಂದೆಯೂ ಬರಲಿಲ್ಲ. ಮೇಡಂ ಅಂದಿನ ಹುದ್ದೆಯಲ್ಲೇ ನಿವೃತ್ತರಾಗುತ್ತಿದ್ದಾರೆ. ನನಗೆ ಆ ಬಗ್ಗೆ ಇಂದಿಗೂ ಸಿಟ್ಟಿದೆ, ಅವರಿಗಿಲ್ಲ.

ಅವರಿಗೆ ದೀರ್ಘಾಯುಷ್ಯವನ್ನೂ, ಗುಡ್ಡ ಹತ್ತುವಷ್ಟು ಗಟ್ಟಿ ಮೊಣಕಾಲುಗಳನ್ನೂ ಹಾರೈಸುತ್ತೇನೆ. ಈ ಹಾರೈಕೆಯಲ್ಲಿ ನಮ್ಮ ಸ್ವಾರ್ಥವೂ ಇದೆ. ಹೋದ ತಿಂಗಳು, ಆ ಇಳಿಜಾರಿನಲ್ಲಿ ಈಗಲಾದರೂ ದನ ಬಿಡಬಹುದೇ ಎಂದು ನೋಡಲು ನಾನು ಹೋಗಿದ್ದೆ. ಮಣ್ಣು ಈಗ ಬಿಗಿಯಾಗಿದೆ, ಬಿಡಬಹುದು ಎಂದೂ ಹೇಳಿದೆ. ದನಗಾಹಿಗಳು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಆದರೆ ದನ ಬಿಟ್ಟಿಲ್ಲ. ಮೇಡಂ ಬಂದು ಹೇಳಲಿ ಎಂದು ಕಾಯುತ್ತಿದ್ದಾರೆ.